ಮೂರನೇ ಓವನ್ನಿನ ಬಾಗಿಲು

ನನ್ನ ಅಣ್ಣನ ಹೆಂಡತಿ ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು, ಸಂಬಂಧದಲ್ಲಿ ದೊಡ್ಡವಳು. ಹಾಗಾಗಿ ನಾನು ಅವಳನ್ನು ಅತ್ತಿಗೆ ಎನ್ನುತ್ತೇನೆ, ಅವಳು ನನ್ನನ್ನು ಅಕ್ಕ ಎನ್ನುತ್ತಾಳೆ. ಹೊಸಬರು ಕೇಳಿದರೆ ಯಾರು ಯಾರಿಗೆ ಏನಾಗಬೇಕೆಂದು ತಬ್ಬಿಬ್ಬಾಗುತ್ತಾರೆ. ಒಂದೇ ಮನೆಯಲ್ಲಿದ್ದೇವೆ. ಕೆಳಗೆ ಅಣ್ಣ, ಅತ್ತಿಗೆ, ಅಮ್ಮ. ಮೇಲೆ ನಾನು, ನನ್ನ ಗಂಡ. ಅತ್ತಿಗೆ ಒಬ್ಬ ಮನುಷ್ಯನ ಮೇಲೆ ಆರು ವರ್ಷ ಹಲ್ಲು ಮಸೆದದ್ದನ್ನು ನಾನು ಹತ್ತಿರದಿಂದ ನೋಡಿದೆ. ಅದನ್ನೇ ಹೇಳಲು ಹೊರಟಿದ್ದೇನೆ.

ಮೊದಲು ಅವಳು ಎಂಥವಳಾಗಿದ್ದಳು ಎಂದು ಹೇಳಬೇಕು. ಹನ್ನೊಂದು ವರ್ಷ ಅವಳು ಒಂದು ದೊಡ್ಡ ಆಸ್ಪತ್ರೆಯ ಕ್ಯಾಂಟೀನಿನಲ್ಲಿದ್ದಳು. ಅಡುಗೆ ಅವಳ ಕೆಲಸವಲ್ಲ, ಬಿಸಿ ಮಾಡಿಕೊಡುವ ಕೌಂಟರು ಅವಳದು. ಉಕ್ಕಿನ ಮೇಜಿನ ಮೇಲೆ ಸಾಲಾಗಿ ಮೂರು ಮೈಕ್ರೋವೇವ್ ಓವನ್ನುಗಳು. ಮನೆಯಲ್ಲಿ ಇಟ್ಟುಕೊಳ್ಳುವಂಥವಲ್ಲ, ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರದವು. ಮನೆಯದು ನಾಲ್ಕು ನಿಮಿಷ ತೆಗೆದುಕೊಳ್ಳುವುದನ್ನು ಒಂದೂವರೆ ನಿಮಿಷದಲ್ಲಿ ಮುಗಿಸುವಂಥವು. ರೋಗಿಗಳ ಸೂಪು, ನರ್ಸುಗಳ ಡಬ್ಬಿ, ಮಕ್ಕಳ ಹಾಲು ಎಲ್ಲವೂ ಅವಳ ಕೈ ದಾಟಿಯೇ ಹೋಗಬೇಕು.

ಆ ಕೌಂಟರಿನ ಮುಂದೆ ಅವಳ ಮಾತೇ ಕಾನೂನು. "ಮುಚ್ಚಳ ಸಡಿಲ ಮಾಡಿ ಕೊಡಿ ಡಾಕ್ಟ್ರೇ. ಬಿಗಿಯಾಗಿದ್ರೆ ಒಳಗೆ ಸಿಡಿಯುತ್ತೆ, ಆಮೇಲೆ ನಿಮ್ಮ ಊಟಾನ ಗೋಡೆಯಿಂದ ಕೆರ್ಕೊಂಡು ತಿನ್ನಬೇಕಾಗುತ್ತೆ" ಎಂದು ದೊಡ್ಡ ಸರ್ಜನ್ನಿಗೇ ಹೇಳಿ ಡಬ್ಬಿ ವಾಪಸು ಕೊಟ್ಟವಳು. ಸ್ಟೀಲಿನ ಚಮಚ, ಬೆಳ್ಳಿಯಂತೆ ಹೊಳೆಯುವ ಹಾಳೆ, ಸಿಪ್ಪೆಯೊಡೆಯದ ಮೊಟ್ಟೆ ಯಾವುದೂ ಒಳಗೆ ಹೋಗುವಂತಿಲ್ಲ. ಬರೀ ನೀರು ಕಾಯಿಸಬೇಕಾದರೆ ಲೋಟದಲ್ಲೊಂದು ಮರದ ಕಡ್ಡಿ ಇಡುತ್ತಿದ್ದಳು. ಇಡದಿದ್ದರೆ ಕುದಿಯದೆ ಸುಮ್ಮನೆ ಕೂತಂತೆ ಕಾಣುವ ನೀರು ಮುಟ್ಟಿದ ಕ್ಷಣ ಮುಖಕ್ಕೆ ಚಿಮ್ಮುತ್ತದಂತೆ. ಬಟ್ಟಲಿನ ಮುಚ್ಚಳವನ್ನು ಯಾವಾಗಲೂ ತನ್ನಿಂದಾಚೆಯ ಅಂಚಿನಿಂದಲೇ ಎತ್ತುತ್ತಿದ್ದಳು, ಹಬೆ ಆ ಕಡೆಗೇ ಹೋಗಲಿ ಎಂದು. ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ಸೋಪುನೀರಿನಲ್ಲಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒಳಗೋಡೆ ಒರೆಸಬೇಕು, ಬಾಗಿಲಿನ ಅಂಚನ್ನು ಎರಡು ಸಲ ಒರೆಸಬೇಕು. ಅಂಚಿನಲ್ಲಿ ಒಂದು ಅಗುಳು ಅಂಟಿಕೊಂಡಿದ್ದರೂ ಬಾಗಿಲು ಪೂರಾ ಕೂರುವುದಿಲ್ಲ ಎನ್ನುತ್ತಿದ್ದಳು. ಶನಿವಾರ ಮುಂಭಾಗದ ಗಾಳಿ ಜಾಲರಿ ಬಿಚ್ಚಿ ತೊಳೆದು, ಒಣಗಿಸಿ, ಮತ್ತೆ ಕೂರಿಸುವುದು. ಯಂತ್ರದ ಬೀಪ್ ಎಂಬ ಕೂಗು ಪೂರ್ತಿ ಕೇಳುವ ಮೊದಲೇ ಬಾಗಿಲ ಹತ್ತಿರ ಹಾಜರಿರುತ್ತಿದ್ದಳೆಂದು ಆಸ್ಪತ್ರೆಯವರೆಲ್ಲ ಅವಳನ್ನು ಬೀಪಕ್ಕ ಎಂದು ಕರೆಯುತ್ತಿದ್ದರು. ಅವಳಿಗೆ ಅದು ಇಷ್ಟವೇ ಆಗಿತ್ತು.

ಆಗ ಹೊಸ ಮ್ಯಾನೇಜರ್ ಬಂದ. ನಲವತ್ತರ ಆಸುಪಾಸು, ಇಸ್ತ್ರಿ ಮುರಿಯದ ಅಂಗಿ, ಮುಖದ ತುಂಬ ನಗು. ಬೈಯುವಾಗಲೂ ನಗು, ರಜಾ ಇಲ್ಲ ಎನ್ನುವಾಗಲೂ ನಗು. ಹೆಂಗಸರು ಅವನಿಗೆ ನಗುಮುಖ ಎಂದು ಹೆಸರಿಟ್ಟರು. ಅವನು ಬಂದ ಐದನೇ ತಿಂಗಳಲ್ಲಿ ನಡುವಿನ ಓವನ್ನಿನ ಬಾಗಿಲಿನ ಕೊಂಡಿ ಸವೆದುಹೋಯಿತು. ಬಾಗಿಲು ಹಾಕಿದರೂ ಯಂತ್ರಕ್ಕೆ ಅದು ಹಾಕಿದೆಯೆಂದು ಗೊತ್ತಾಗುತ್ತಿರಲಿಲ್ಲ, ಓಡುತ್ತಿರಲಿಲ್ಲ. ಅತ್ತಿಗೆ ಪ್ಲಗ್ ಕಿತ್ತು, 'ಬಳಸಬೇಡಿ' ಎಂದು ಕಾಗದ ಅಂಟಿಸಿ, ಅವನ ಕೋಣೆಗೆ ಹೋಗಿ ಹೇಳಿದಳು.

"ರಿಪೇರಿಯವರು ಬರೋಕೆ ಹತ್ತು ದಿನ ಆಗುತ್ತಂತೆ. ಅಷ್ಟು ದಿನ ಜನ ತಣ್ಣಗಿರೋದು ತಿನ್ನಬೇಕಾ?" ಎಂದು ಅವನು ನಕ್ಕ.

"ಎರಡು ಇವೆಯಲ್ಲ ಸರ್. ಸ್ವಲ್ಪ ಕಾಯ್ತಾರೆ."

"ನೀನು ಬಾಗಿಲ ಬಗ್ಗೆ ಯೋಚಿಸ್ಬೇಡಮ್ಮ. ಸಾಲಿನ ಬಗ್ಗೆ ಯೋಚಿಸು."

ಮರುದಿನ ನಮ್ಮಮ್ಮನ ಕಣ್ಣಿನ ಪರೀಕ್ಷೆಗೆಂದು ಅತ್ತಿಗೆ ರಜೆ ಹಾಕಿದ್ದಳು. ಆ ದಿನ ಅವನು, ನಮಗೆ ಆಮೇಲೆ ತಿಳಿದಂತೆ, ಆಸ್ಪತ್ರೆಯ ಎಲೆಕ್ಟ್ರಿಷಿಯನ್ನನನ್ನು ಕರೆಸಿ, ಬಾಗಿಲು ತೆರೆದಾಗ ಯಂತ್ರ ನಿಲ್ಲಿಸಬೇಕಾದ ಸಣ್ಣ ಸ್ವಿಚ್ಚುಗಳನ್ನೆಲ್ಲ ತಂತಿಯಿಂದ ಒಂದಕ್ಕೊಂದು ಕಟ್ಟಿಸಿಬಿಟ್ಟ. ಈಗ ಬಾಗಿಲು ಹಾಕಿದ್ದರೂ ಒಂದೇ, ತೆರೆದಿದ್ದರೂ ಒಂದೇ. ಸಮಯ ಮುಗಿಯುವವರೆಗೆ ಯಂತ್ರ ಓಡುತ್ತಲೇ ಇರುತ್ತದೆ. ಅತ್ತಿಗೆ ಕೆಲಸಕ್ಕೆ ಮರಳಿದಾಗ ಕಾಗದ ಇರಲಿಲ್ಲ, ಯಂತ್ರ ಓಡುತ್ತಿತ್ತು. "ರಿಪೇರಿ ಆಯ್ತು" ಎಂದರು. ನಂಬಿದಳು.

ಆ ಮಧ್ಯಾಹ್ನ ಸೂಪಿನ ಬಟ್ಟಲೊಂದು ಒಳಗೆ ಹಿಂದಕ್ಕೆ ಸರಿದು ಕೂತಿತ್ತು. ಕೂಗುವ ಮೊದಲೇ ಬಾಗಿಲು ತೆರೆಯುವ ಅಭ್ಯಾಸ ಅವಳದು. ತೆರೆದಳು, ಎಡಗೈ ಚಾಚಿ ತಡಕಿದಳು. ಒಳಗಿನ ಸದ್ದು ನಿಂತಿರಲಿಲ್ಲ, ಆದರೆ ಕೆಲಸ ಮುಗಿದ ಮೇಲೂ ಫ್ಯಾನು ಸ್ವಲ್ಪ ಹೊತ್ತು ತಿರುಗುವುದು ಮಾಮೂಲು. ಬೆರಳಿನ ಮೂಳೆಯೊಳಗೆ ಇರುವೆ ಹರಿದಂತಾಯಿತಂತೆ, ಆಮೇಲೆ ಆ ಇರುವೆಗಳಿಗೆಲ್ಲ ಬೆಂಕಿ ಹತ್ತಿಕೊಂಡಂತೆ. ಕಿರುಚಿ ಕೈ ಎಳೆದುಕೊಂಡಳು. ಚರ್ಮದ ಮೇಲೆ ಒಂದು ಗುಳ್ಳೆಯೂ ಇರಲಿಲ್ಲ. "ಹೊರಗೆ ಕಾಣಲ್ಲ, ಒಳಗೆ ಬೆಂದಿದೆ" ಎಂದರು ಡಾಕ್ಟರು, ಅವಳೇ ಡಬ್ಬಿ ವಾಪಸು ಕೊಟ್ಟಿದ್ದ ಅದೇ ಸರ್ಜನ್. ತೋರುಬೆರಳು ಮತ್ತು ನಡುಬೆರಳಿನ ನರ ಸತ್ತುಹೋಗಿತ್ತು.

ವಾರ್ಡಿನಲ್ಲಿ ನಾನು ಅವಳ ಪಕ್ಕದಲ್ಲಿದ್ದಾಗಲೇ ನಗುಮುಖ ಹಣ್ಣು ಹಿಡಿದುಕೊಂಡು ಬಂದ. ನನ್ನನ್ನು ಹೊರಗೆ ಕಳಿಸಿದ. ನೋವಿನ ಇಂಜೆಕ್ಷನ್ನಿನ ಮಂಪರಿನಲ್ಲಿದ್ದ ಅವಳಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡ. "ಚಿಕಿತ್ಸೆ ಇಲ್ಲೇ ನಡೀಬೇಕು ಅಂದ್ರೆ ಇದೊಂದು ಬೇಕು, ಬರೀ ನೆಪಕ್ಕೆ" ಎಂದನಂತೆ. ಅದರಲ್ಲಿದ್ದದ್ದು ಇದು: ಕೊಂಡಿ ಸಿಕ್ಕಿಕೊಂಡಿತೆಂದು ನಾನೇ ಚಾಕು ಹಾಕಿ ಬಾಗಿಲು ಮೀಟಿದೆ, ಯಂತ್ರ ಕೆಟ್ಟದ್ದು ನನ್ನಿಂದ. ಇಪ್ಪತ್ತು ದಿನದ ನಂತರ ಅದೇ ಕಾಗದವನ್ನು ಮುಂದಿಟ್ಟು ಅವಳನ್ನು ಕೆಲಸದಿಂದ ತೆಗೆದ. ಹನ್ನೊಂದು ವರ್ಷದ ಕೆಲಸವನ್ನು ಹನ್ನೊಂದು ನಿಮಿಷದಲ್ಲಿ ಮುಗಿಸಿ, ಬಾಗಿಲವರೆಗೆ ಬಂದು ಬೀಳ್ಕೊಟ್ಟು, ಅಲ್ಲಿದ್ದ ಹೆಂಗಸರ ಕಡೆ ತಿರುಗಿ, "ಇನ್ನು ಕ್ಯಾಂಟೀನು ಸ್ವಲ್ಪ ನಿಶ್ಶಬ್ದವಾಗಿರುತ್ತೆ" ಎಂದು ನಕ್ಕನಂತೆ.

ಆ ನಗುವೇ ಅವಳ ಎದೆಯಲ್ಲಿ ಮುಳ್ಳಾಗಿ ಮುರಿದುಕೊಂಡಿತು. ಬೆಂದ ಬೆರಳನ್ನಾದರೂ ಅವಳು ಕ್ಷಮಿಸುತ್ತಿದ್ದಳೋ ಏನೋ.

ಮನೆಯಲ್ಲಿ ಅವಳು ಬಿಡುವಿದ್ದಾಗ ಬಟ್ಟೆ ಹೊಲಿಯುತ್ತಿದ್ದಳು. ಬೀದಿಯ ಅರ್ಧ ಹೆಂಗಸರ ರವಿಕೆ ಅವಳ ಕೈಯವೇ. ಕಟ್ಟು ಬಿಚ್ಚಿದ ಮೇಲೆ ಒಂದು ಬೆಳಿಗ್ಗೆ ಗುಂಡಿ ಹಚ್ಚಲು ಕೂತಿದ್ದಳು. ನಾನು ಕಾಫಿ ತಂದುಕೊಟ್ಟಾಗ ಬಿಳಿ ಬಟ್ಟೆಯ ಮೇಲೆ ಕೆಂಪು ಹೂವಿನಂತೆ ಕಂಡಿತು. ಸೂಜಿ ನಡುಬೆರಳಿನಲ್ಲಿ ಅರ್ಧ ಇಳಿದಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ. ನಾನು ಅಯ್ಯೋ ಎಂದೆ. ಅವಳು ಸೂಜಿಯನ್ನು ಕಿತ್ತು, ಬೆರಳನ್ನು ಬೇರೆಯವರದೆಂಬಂತೆ ನೋಡಿದಳು.

"ಅಕ್ಕ, ಅವನು ಒಂದು ದಿನ ನನ್ನ ಮುಂದೆ ನಗಲಾರದೆ ನಿಲ್ಲಬೇಕು. ಜನದ ಮುಂದೆ ನಿಲ್ಲಬೇಕು. ಅಲ್ಲೀವರೆಗೆ ನಾನು ಸಾಯಲ್ಲ."

"ಬಿಡು ಅತ್ತಿಗೆ, ಅಂಥವರನ್ನ ದೇವರು ನೋಡ್ಕೊತಾನೆ."

"ದೇವರಿಗೆ ಬೇರೆ ಕೆಲಸ ಇದೆ. ಇದು ನನ್ನ ಕೆಲಸ."

ಹೊಲಿಗೆ ಯಂತ್ರವನ್ನು ಯಾರಿಗೋ ಕೊಟ್ಟುಬಿಟ್ಟಳು. ಒಂದು ತಿಂಗಳ ನಂತರ ಊರಾಚೆಯ ಕೈಗಾರಿಕಾ ಬೀದಿಯಲ್ಲಿ ಒಬ್ಬ ಮುದುಕರ ಅಂಗಡಿಗೆ ಹೋಗಿ ನಿಂತಳು. ಹೋಟೆಲು, ಕ್ಯಾಂಟೀನುಗಳ ಓವನ್ ರಿಪೇರಿ ಮಾಡುವ ಅಂಗಡಿ. ಮುದುಕರು ಹಿಂದೆ ತಾಂತ್ರಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಎಲ್ಲರಿಗೂ ಮೇಷ್ಟ್ರು. ಕೆಲಸ ಕಲಿಸಿ ಎಂದಳು. ಅವರು ಕನ್ನಡಕದ ಮೇಲಿಂದ ನೋಡಿ ಯಾಕೆ ಎಂದರು. ಅವಳು ಬೆರಳು ತೋರಿಸಿ ಇದ್ದದ್ದು ಇದ್ದಂತೆ ಹೇಳಿದಳು.

"ಸಿಟ್ಟು ಇಟ್ಕೊಂಡು ಈ ಡಬ್ಬ ಬಿಚ್ಚೋಕೆ ಬರಬೇಡಮ್ಮ. ಪ್ಲಗ್ ಕಿತ್ತ ಮೇಲೂ ಇದರೊಳಗೆ ಆಳನ್ನ ಕೊಲ್ಲೋವಷ್ಟು ಕರೆಂಟು ಕೂತಿರುತ್ತೆ. ಅದನ್ನ ಮೊದಲು ಇಳಿಸಬೇಕು. ನಿಧಾನಸ್ಥರ ಕೆಲಸ ಇದು" ಎಂದರು.

"ನನಗೆ ಯಾವ ಅವಸರಾನೂ ಇಲ್ಲ ಮೇಷ್ಟ್ರೇ" ಎಂದಳು ಅತ್ತಿಗೆ.

ಅದು ನಿಜವಾಗಿತ್ತು. ಮೊದಲ ವರ್ಷ ಪೂರ್ತಿ ಜಾಲರಿ ತೊಳೆದು, ಬಾಗಿಲು ಒರೆಸಿ, ಸ್ಕ್ರೂ ಆರಿಸಿಕೊಟ್ಟಳು. ಎರಡನೇ ವರ್ಷ ಕೀಲು ಬದಲಿಸುವುದು, ಕೊಂಡಿ ಕೂರಿಸುವುದು. ಮೂರನೇ ವರ್ಷ ಪರೀಕ್ಷೆ ಕಟ್ಟಿ ಪಾಸಾಗಿ, ಬಾಗಿಲ ಸಂದಿಯಿಂದ ಎಷ್ಟು ಸೋರುತ್ತಿದೆ ಎಂದು ಅಳೆಯುವ ಮೀಟರನ್ನು ಕೊರಳಿಗೆ ನೇತುಹಾಕಿಕೊಂಡು ತಾನೇ ಕ್ಯಾಂಟೀನುಗಳಿಗೆ ಹೋಗತೊಡಗಿದಳು. ಸತ್ತ ಬೆರಳುಗಳನ್ನು ಬಿಟ್ಟು ಉಳಿದವುಗಳಿಂದಲೇ ಸ್ಕ್ರೂ ತಿರುಗಿಸುವುದನ್ನು ಕಲಿತಿದ್ದಳು. ಹೋದಲ್ಲೆಲ್ಲ ಕೌಂಟರಿನ ಹೆಂಗಸರ ಜೊತೆ ಕೂತು ಮಾತಾಡುವಳು. ಅವರ ಮೂಲಕ ಅವನ ಪ್ರತಿ ಹೆಜ್ಜೆಯೂ ಅವಳಿಗೆ ತಿಳಿಯುತ್ತಿತ್ತು. ಆಸ್ಪತ್ರೆ ಬಿಟ್ಟ. ದೊಡ್ಡ ಕೇಟರಿಂಗ್ ಕಂಪನಿ ಸೇರಿದ. ಒಂದು ಕ್ಯಾಂಟೀನು, ಆಮೇಲೆ ಮೂರು, ಆಮೇಲೆ ಎಂಟಕ್ಕೆ ಮುಖ್ಯಸ್ಥ. ಆಸ್ಪತ್ರೆಯ ಎಲೆಕ್ಟ್ರಿಷಿಯನ್ನನನ್ನೂ ಜೊತೆಗೆ ಕರೆದುಕೊಂಡು ಹೋದ. ಈ ಸುದ್ದಿ ಕೇಳಿದ ದಿನ ಅತ್ತಿಗೆ ಊಟ ಮಾಡುತ್ತ ತನ್ನಷ್ಟಕ್ಕೆ ತಲೆದೂಗಿದಳು. "ಕೈ ಅಭ್ಯಾಸ ಬಿಡಲ್ಲ ಅಕ್ಕ. ಒಂದಲ್ಲ ಒಂದು ಕಡೆ ಮತ್ತೆ ಕಟ್ಟೇ ಕಟ್ತಾರೆ."

ಅಣ್ಣನಿಗೆ ಇದೆಲ್ಲ ಹಿಡಿಸುತ್ತಿರಲಿಲ್ಲ. ಅವನು ಬಸ್ ಓಡಿಸುವವನು, ಸಾಧು ಪ್ರಾಣಿ. "ಅವನ ಜಪಾನೇ ಮಾಡ್ತೀಯಲ್ಲ, ನನ್ನ ಹೆಸರನ್ನ ದಿನಕ್ಕೊಂದು ಸಲನಾದ್ರೂ ಹೇಳು" ಎಂದು ತಮಾಷೆ ಮಾಡುತ್ತಿದ್ದ. ಅವಳು ನಗುತ್ತಿದ್ದಳು, ಆದರೆ ಆ ನಗು ಕಣ್ಣಿನವರೆಗೆ ಹೋಗುತ್ತಿರಲಿಲ್ಲ.

ಆರನೇ ವರ್ಷ ಆ ಕಂಪನಿಯ ಮುಖ್ಯ ಕ್ಯಾಂಟೀನಿನ ವಾರ್ಷಿಕ ತಪಾಸಣೆ ಮೇಷ್ಟ್ರ ಅಂಗಡಿಗೆ ಬಂತು. ಹದಿನಾಲ್ಕು ಮಹಡಿಯ ಆಫೀಸು ಕಟ್ಟಡ, ನೆಲಮಹಡಿಯಲ್ಲಿ ನಾನೂರು ಜನ ಕೂತು ತಿನ್ನುವ ಊಟದ ಹಾಲ್, ಬಿಸಿ ಮಾಡುವ ಕೌಂಟರಿನಲ್ಲಿ ನಾಲ್ಕು ಓವನ್ನುಗಳು. ಸೋಮವಾರ ಅತ್ತಿಗೆ ಹೋದಳು. ನಗುಮುಖ ಮೇಲಿನ ಮಹಡಿಯಲ್ಲಿ ಕೂರುವವನು, ಕೆಳಗಿರಲಿಲ್ಲ. ಕೌಂಟರಿನಲ್ಲಿದ್ದವಳು ಒಬ್ಬ ದಪ್ಪ ಹೆಂಗಸು. ಗುಟ್ಟು ಹೇಳಿದರೂ ಬೀದಿಗೆ ಕೇಳುವಂಥ ಗಂಟಲು, ಅದಕ್ಕೇ ಎಲ್ಲರೂ ಅವಳನ್ನು ಮೈಕಮ್ಮ ಎನ್ನುತ್ತಿದ್ದರು.

ಒಂದು, ಎರಡು ಸರಿಯಾಗಿದ್ದವು. ಮೂರನೆಯದರ ಪ್ಲಗ್ ಕಿತ್ತು, ಒಳಗಿನ ಕರೆಂಟು ಇಳಿಸಿ, ಹೊದಿಕೆ ಬಿಚ್ಚಿದಳು. ಸ್ವಿಚ್ಚುಗಳ ಮೇಲೆ ಹಸಿರು ತಂತಿ ಮೂರು ಸುತ್ತು ಸುತ್ತಿ ತುದಿ ಮಡಚಿತ್ತು. ಮನೆಗೆ ಬಂದವಳೇ ನನಗೆ ಹೇಳಿದಳು. "ಅಕ್ಕ, ಖುಷಿಯಾಯ್ತು. ಆರು ವರ್ಷ ಹುಡುಕಿದ್ದು ಅಲ್ಲಿ ಕೂತಿತ್ತು."

"ಕೆಂಪು ಚೀಟಿ ಅಂಟಿಸಿ ಬಂದ್ಯಾ?" ಎಂದೆ. ಅಪಾಯ ಕಂಡರೆ ಯಂತ್ರಕ್ಕೆ ಕೆಂಪು ಚೀಟಿ ಕಟ್ಟಿ, ಮುದ್ರೆ ಒತ್ತಿ, ಅಲ್ಲೇ ವರದಿ ಕೊಟ್ಟು ಬರುವುದು ಅವಳ ಕೆಲಸದ ಮೊದಲ ನಿಯಮ. ಅವಳು ಎಷ್ಟೋ ಸಲ ನನಗೆ ಹೇಳಿದ್ದಳು.

"ಇಲ್ಲ."

ಕಾರಣ ಇತ್ತು. ಗುರುವಾರ ಆ ಕಂಪನಿಯ ದೊಡ್ಡವರೆಲ್ಲ ಬರುವವರಿದ್ದರು. 'ವರ್ಷದ ಅತಿ ಸುರಕ್ಷಿತ ಅಡುಗೆಮನೆ' ಎಂದು ನಗುಮುಖನಿಗೆ ಊಟದ ಹಾಲ್‌ನ ನಡುವೆಯೇ ಸನ್ಮಾನ. ಬ್ಯಾನರು ಆಗಲೇ ಕಟ್ಟಿತ್ತು, ಅದರಲ್ಲಿ ಅವನ ಫೋಟೋ ಆಳೆತ್ತರ ನಗುತ್ತಿತ್ತು. ಈಗ ಚೀಟಿ ಅಂಟಿಸಿದರೆ ಗುರುವಾರದೊಳಗೆ ತಂತಿ ಬಿಚ್ಚಿ, ತೊಳೆದು, ಅವನು ಏನೂ ಆಗದವನಂತೆ ಹಾರ ಹಾಕಿಸಿಕೊಳ್ಳುತ್ತಾನೆ. ಗುರುವಾರ ಎಲ್ಲರೆದುರು ಹೊದಿಕೆ ಬಿಚ್ಚಿದರೆ? ಅವಳು ಫೋಟೋ ತೆಗೆದುಕೊಂಡು, ಹೊದಿಕೆ ಮುಚ್ಚಿ, ಮೂರನೆಯದರ ಪ್ಲಗ್ ಹಾಕದೆ ಬಿಟ್ಟು, ಮೈಕಮ್ಮನ ಕಿವಿಯಲ್ಲಿ ಹೇಳಿ ಬಂದಿದ್ದಳು: "ಇದನ್ನ ಗುರುವಾರದವರೆಗೆ ಮುಟ್ಟಬೇಡಿ. ಯಾರಿಗೂ ಹೇಳಬೇಡಿ."

ನನಗೆ ಆಗ ತಪ್ಪು ಎನಿಸಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೂ ಬಾಯಲ್ಲಿ ನೀರೂರಿತು. ಆ ರಾತ್ರಿ ಅವಳು ಎಷ್ಟೋ ದಿನಗಳ ನಂತರ ಎರಡು ಸಲ ಅನ್ನ ಬಡಿಸಿಕೊಂಡಳು.

ಬುಧವಾರ ಮೇಷ್ಟ್ರ ಅಂಗಡಿಗೆ ರಜೆ. ಹನ್ನೆರಡು ಗಂಟೆಯ ಹೊತ್ತಿಗೆ ನಾವಿಬ್ಬರೂ ಒಗೆದ ಹೊದಿಕೆಗಳನ್ನು ತಾರಸಿಯಲ್ಲಿ ಹರವುತ್ತಿದ್ದೆವು. ಮೈಕಮ್ಮನ ಫೋನ್ ಬಂತು. ಸ್ಪೀಕರು ಹಾಕುವ ಅಗತ್ಯವೇ ಇರಲಿಲ್ಲ.

"ಬೀಪಕ್ಕ, ನಿಮಗೊಂದು ತಮಾಷೆ ಹೇಳ್ಬೇಕು. ಬೆಳಿಗ್ಗೆ ಸಾಹೇಬ್ರೇ ಕೆಳಗೆ ಬಂದು ಮೂರನೇದರ ಪ್ಲಗ್ ಹಾಕಿಸಿದ್ರಂತೆ. ನಾಳೆ ಎಲ್ಲಾ ನಾಲ್ಕೂ ಓಡ್ತಾ ಇರಬೇಕಂತೆ, ಇವತ್ತೇ ಓಡಿಸಿ ನೋಡಿ ಅಂದ್ರಂತೆ."

"ನೀವು ಎಲ್ಲಿದೀರಿ?"

"ನಾನು ಮನೇಲಿ. ಮಗಳಿಗೆ ಜ್ವರ, ರಜಾ ಹಾಕ್ದೆ. ನನ್ನ ಬದಲು ಪಾತ್ರೆ ತೊಳೆಯೋಳು ನಿಂತಿದಾಳೆ."

"ಅವಳಿಗೆ ಹೇಳಿದ್ರಾ?"

ಆ ಕಡೆ ಮೊದಲ ಬಾರಿಗೆ ದನಿ ತಗ್ಗಿತು. "ನೀವೇ ಯಾರಿಗೂ ಹೇಳಬೇಡಿ ಅಂದಿದ್ರಲ್ಲ..."

ಅತ್ತಿಗೆಯ ಕೈಯಿಂದ ಹೊದಿಕೆ ಜಾರಿ ಬೀದಿಗೆ ಬಿತ್ತು. ಕ್ಯಾಂಟೀನಿಗೆ ಫೋನ್ ಮಾಡಿದಳು, ಊಟದ ಹೊತ್ತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಕೆಲಸದ ಚೀಲವನ್ನು ಹೆಗಲಿಗೇರಿಸಿಕೊಂಡಳು, ಟ್ಯಾಕ್ಸಿ ಹಿಡಿದೆವು. ದಾರಿಯುದ್ದಕ್ಕೂ ಅವಳು ಸತ್ತ ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಹಿಂಡುತ್ತಿದ್ದಳು. ಒಂದೇ ಮಾತು ಆಡಿದ್ದು: "ಸೋಮವಾರ ಚೀಟಿ ಅಂಟಿಸೋಕೆ ಎರಡು ನಿಮಿಷ ಸಾಕಿತ್ತು ಅಕ್ಕ."

ನಾವು ಒಳಗೆ ನುಗ್ಗಿದಾಗ ಊಟದ ಹಾಲ್ ಗಿಜಿಗುಡುತ್ತಿತ್ತು. ತಟ್ಟೆ ಹಿಡಿದ ಸಾಲು ಬಾಗಿಲವರೆಗೆ ಬೆಳೆದಿತ್ತು. ಕೌಂಟರಿನ ಹಿಂದೆ ತೆಳ್ಳಗಿನ ಹೆಂಗಸೊಬ್ಬಳು, ಇನ್ನೂ ಪಾತ್ರೆ ತೊಳೆಯುವ ಏಪ್ರನ್ನಿನಲ್ಲೇ ಇದ್ದಳು. ಮೂರನೇ ಓವನ್ನಿನ ಬಾಗಿಲು ತೆರೆದಿತ್ತು. ಅವಳ ಬಲಗೈ ಒಳಗೆ ಹೋಗುತ್ತಿತ್ತು.

"ಕೈ ತೆಗಿ!" ಎಂದು ಅತ್ತಿಗೆ ಕೂಗಿದ ಕೂಗಿಗೆ ನಾನೂರು ಜನ ತಿರುಗಿದರು. ಸಾಲನ್ನು ಸೀಳಿಕೊಂಡು ಹೋಗಿ ಗೋಡೆಯ ಮೇನ್ ಸ್ವಿಚ್ಚನ್ನು ಹೊಡೆದು ಇಳಿಸಿದಳು. ನಾಲ್ಕೂ ಯಂತ್ರ ಒಟ್ಟಿಗೆ ಸ್ತಬ್ಧವಾದವು. ಪಾತ್ರೆ ತೊಳೆಯುವವಳು ಬೆರಳನ್ನು ಎದೆಗೆ ಒತ್ತಿಕೊಂಡು, "ಚುರ್ ಅಂತು... ಒಳಗೆ ಚುರ್ ಅಂತು" ಎನ್ನುತ್ತಿದ್ದಳು. ನಾನು ಅವಳನ್ನು ನಲ್ಲಿಯ ಹತ್ತಿರ ಕರೆದೊಯ್ದು ತಣ್ಣೀರಿಗೆ ಬೆರಳು ಹಿಡಿಸಿದೆ. ಒಂದು ತುದಿ ಕೆಂಪಗಾಗಿತ್ತು. ಅಷ್ಟೇ. ಅಷ್ಟರಲ್ಲೇ ಮುಗಿಯಿತು.

ಅತ್ತಿಗೆ ಮೂರನೆಯದರ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡು, ಚೀಲದಿಂದ ಕೆಂಪು ಚೀಟಿ ತೆಗೆದು ಬಾಗಿಲಿಗೆ ಕಟ್ಟಿದಳು. ಐದು ನಿಮಿಷದಲ್ಲಿ ನಗುಮುಖ ಕೆಳಗಿಳಿದು ಬಂದ. ಅದೇ ಇಸ್ತ್ರಿ, ಅದೇ ನಗು. ತಲೆ ಮಾತ್ರ ಸ್ವಲ್ಪ ಬೆಳ್ಳಗಾಗಿತ್ತು.

"ಏನಿದು ಗಲಾಟೆ? ಯಾರಮ್ಮ ನೀವು, ಊಟದ ಹೊತ್ತಲ್ಲಿ ಕರೆಂಟ್ ತೆಗೆಯೋಕೆ?"

"ತಪಾಸಣೆಯವಳು ಸರ್. ಈ ಯಂತ್ರದ ಬಾಗಿಲು ತೆರೆದರೂ ಓಡುತ್ತೆ. ಇವರ ಕೈ ಸುಟ್ಟಿದೆ."

"ಸಾಧ್ಯವೇ ಇಲ್ಲ" ಎಂದು ಅವನು ಸಾಲಿನಲ್ಲಿದ್ದವರ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದ. "ನಾನೇ ಮುಂದೆ ನಿಂತು ಪರೀಕ್ಷೆ ಮಾಡಿಸಿದೀನಿ, ಎಲ್ಲಾ ಸರಿಯಾಗಿದೆ." ಆಮೇಲೆ ಪಾತ್ರೆ ತೊಳೆಯುವವಳನ್ನು ನೋಡಿ ನಕ್ಕ. "ಈಕೆಗೆ ಈ ಕೆಲಸ ಹೊಸದು. ಬಾಗಿಲು ಸಿಕ್ಕಿಕೊಂಡಿರುತ್ತೆ, ಚಾಕು ಹಾಕಿ ಮೀಟಿರ್ತಾಳೆ."

ಚಾಕು ಎಂದ ಕೂಡಲೇ ಅತ್ತಿಗೆಯ ಮುಖ ಕಲ್ಲಾಯಿತು. ಅವಳು ಸಿಡಿದೇಳುತ್ತಾಳೆ ಎಂದುಕೊಂಡೆ. ಅವಳು ದನಿ ಇನ್ನೂ ತಗ್ಗಿಸಿದಳು.

"ಬಾಗಿಲು ಸರಿಯಾಗಿದೆ ಅಂತೀರಾ?"

"ಖಂಡಿತ."

"ಹಾಗಾದ್ರೆ ಬನ್ನಿ ಸರ್. ಬಾಗಿಲು ತೆರೆದಿಟ್ಟಿದೀನಿ. ಸರಿಯಾಗಿರೋ ಯಂತ್ರ ಬಾಗಿಲು ತೆರೆದಿದ್ರೆ ಶುರುವೇ ಆಗಲ್ಲ, ಇದು ನಿಮಗೂ ಗೊತ್ತು. ನಿಮ್ಮ ಕೈ ಒಳಗಿಡಿ. ನಾನು ಮೇನ್ ಎತ್ತಿ, ಪ್ಲಗ್ ಹಾಕಿ, ಗುಂಡಿ ಒತ್ತುತ್ತೀನಿ."

ಅವನು ನಕ್ಕ. ಆಮೇಲೆ ನಗು ಹಾಗೇ ಉಳಿದು ಕಣ್ಣುಗಳು ಮಾತ್ರ ಓವನ್ನಿನ ಒಳಗನ್ನು ನೋಡಿದವು. ಅವನ ಬಲಗೈ ನಿಧಾನವಾಗಿ ಬೆನ್ನ ಹಿಂದಕ್ಕೆ ಹೋಯಿತು. ಅವನಿಗೇ ತಿಳಿಯದೆ ಹೋಯಿತು. ಸಾಲಿನ ಮುಂದಿದ್ದ ಒಬ್ಬ ಮುದುಕ, "ಇಡಿ ಸಾರ್, ಸರಿಯಾಗಿದೆಯಲ್ಲ" ಎಂದ. ಹಿಂದಿನಿಂದ ಇನ್ನೊಬ್ಬರು, "ಇಡ್ರೀ" ಎಂದರು. ಎಷ್ಟೋ ಫೋನುಗಳು ಮೇಲೆದ್ದಿದ್ದವು.

"ಇದೆಲ್ಲ... ಇದು ಪದ್ಧತಿ ಅಲ್ಲ" ಎಂದ ಅವನು. ಆಗ ಅವನ ಕಣ್ಣು ಅವಳ ಎಡಗೈ ಮೇಲೆ ಬಿತ್ತು, ಮಡಚದೆ ನೆಟ್ಟಗೆ ನಿಂತ ಆ ಎರಡು ಬೆರಳುಗಳ ಮೇಲೆ. ಅಲ್ಲಿಂದ ಮುಖಕ್ಕೆ ಏರಿತು. "ನೀನು... ಆಸ್ಪತ್ರೆ..."

"ಹೌದು ಸರ್. ಬೀಪಕ್ಕ. ಗದ್ದಲ ಮಾಡೋಳು."

ಆಗ ನಾನು ಅವನ ಮುಖ ನೋಡಿದೆ. ನಗು ಇಲ್ಲದ ಆ ಮುಖ ಯಾರದೋ ಎನಿಸಿತು; ಬಾಯಿಯ ಸುತ್ತ ಚರ್ಮ ಜೋಲುತ್ತಿತ್ತು. ಅತ್ತಿಗೆ ಅದನ್ನು ಕಣ್ಣು ಮಿಟುಕಿಸದೆ ನೋಡುತ್ತ ನಿಂತಳು. ಬಾಯಾರಿದವಳು ನೀರು ಕುಡಿಯುವಂತೆ ನೋಡಿದಳು.

ಬಸ್ಸಿನಲ್ಲಿ ವಾಪಸು ಬರುವಾಗ ನಾನು ಕೇಳಿದೆ: "ಅವನು ನಿಜವಾಗ್ಲೂ ಕೈ ಇಟ್ಟಿದ್ದಿದ್ರೆ?"

"ಪ್ಲಗ್ ಹಾಕ್ತಿದ್ದೆ" ಎಂದಳು. ನಾನು ಅವಳ ಮುಖ ನೋಡಿದೆ. ತಮಾಷೆಯಾಗಿರಲಿಲ್ಲ.

ಮುಂದಿನದು ಬೇಗ ಬೇಗ ಆಯಿತು. ಆ ದಿನ ಸಂಜೆಗೆ ವಿಡಿಯೋ ಹದಿನಾಲ್ಕೂ ಮಹಡಿ ಹತ್ತಿತ್ತು. ಗುರುವಾರ ಬಂದ ದೊಡ್ಡವರು ಹಾರ ಹಿಡಿದು ಬರಲಿಲ್ಲ, ಮೇಷ್ಟ್ರನ್ನು ಕರೆಸಿಕೊಂಡು ಎಂಟೂ ಕ್ಯಾಂಟೀನು ತೆರೆಸಿ ನೋಡಿದರು. ಇನ್ನೂ ಎರಡು ಕಡೆ ಹಸಿರು ತಂತಿ ಸಿಕ್ಕಿತು. ಎಲೆಕ್ಟ್ರಿಷಿಯನ್ ಮೊದಲ ಪ್ರಶ್ನೆಗೇ ಬಾಯಿ ಬಿಟ್ಟ: ಎಲ್ಲವೂ ಸಾಹೇಬರ ಅಪ್ಪಣೆ, ಆಸ್ಪತ್ರೆಯದೂ ಸೇರಿ. ನಗುಮುಖನನ್ನು ತೆಗೆದರು. ಆಸ್ಪತ್ರೆಯವರು ಹಳೆಯ ಕಡತ ತೆರೆದು, ಅತ್ತಿಗೆಯ ಸಹಿಯಿದ್ದ ಕಾಗದವನ್ನು ರದ್ದು ಮಾಡಿದ್ದೇವೆ ಎಂದು ಪತ್ರ ಕಳಿಸಿದರು. ಅಣ್ಣ ಅದಕ್ಕೆ ಚೌಕಟ್ಟು ಹಾಕಿಸೋಣ ಎಂದ. ಅವಳು ಬೇಡವೆಂದು ಕಪಾಟಿನಲ್ಲಿಟ್ಟಳು.

ಎರಡು ತಿಂಗಳ ನಂತರ ಅವನು ನಮ್ಮ ಮನೆಗೆ ಬಂದ. ಕಂಪನಿಯ ವಿಚಾರಣೆಯಲ್ಲಿ ಅವಳು ಕೊಟ್ಟಿದ್ದ ಹೇಳಿಕೆಯನ್ನು ಸ್ವಲ್ಪ ಮೃದು ಮಾಡಿಕೊಟ್ಟರೆ ಬೇರೆ ಕಡೆ ಕೆಲಸ ಸಿಗುತ್ತದೆ ಎಂದ. ಮಕ್ಕಳಿದ್ದಾರೆ ಎಂದ. ಅಮ್ಮ ಕುರ್ಚಿ ಹಾಕಿದಳು, ಅತ್ತಿಗೆ ನೀರು ತಂದುಕೊಟ್ಟಳು, ಎದುರಿಗೆ ಕೂತು ಅವನು ಹೇಳಿದ್ದನ್ನೆಲ್ಲ ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ, "ಆಯ್ತು, ಹೊರಡಿ" ಎಂದಳು. ಬಾಗಿಲವರೆಗೆ ಹೋಗಿ ಬೀಳ್ಕೊಡಲಿಲ್ಲ.

ಈಗಲೂ ಯಾವುದಾದರೂ ಹೋಟೆಲಿನವರು ಅವನನ್ನು ಸೇರಿಸಿಕೊಳ್ಳುವ ಮೊದಲು ಮೇಷ್ಟ್ರ ಅಂಗಡಿಗೆ ಫೋನ್ ಮಾಡಿ ವಿಚಾರಿಸುತ್ತಾರೆ. ಆ ಫೋನನ್ನು ಬೇರೆ ಯಾರೂ ಎತ್ತುವಂತಿಲ್ಲ. ಅವಳೇ ಎತ್ತಿ, ಮೊದಲಿಂದ ಕೊನೆಯವರೆಗೆ, ಒಂದಕ್ಷರ ಹೆಚ್ಚಿಲ್ಲದೆ, ಒಂದಕ್ಷರ ಕಡಿಮೆಯಿಲ್ಲದೆ ಹೇಳುತ್ತಾಳೆ. "ಸಾಕು ಬಿಡು ಅತ್ತಿಗೆ, ಇನ್ನೆಷ್ಟು ದಿನ?" ಎಂದು ನಾನೊಮ್ಮೆ ಕೇಳಿದೆ. "ನನ್ನ ಬೆರಳಿಗೆ ಜೀವ ಬಂದ ದಿನ ಬಿಡ್ತೀನಿ" ಎಂದಳು.

ಅವಳಿಗೆ ನಾಟಿದ್ದು ಒಂದೇ. ಪಾತ್ರೆ ತೊಳೆಯುವವಳ ಬೆರಳು ಮೂರು ವಾರ ನೋಯಿತು, ಆಮೇಲೆ ಸರಿಹೋಯಿತು. ಅತ್ತಿಗೆ ಪ್ರತಿ ವಾರ ಅವಳನ್ನು ನೋಡಲು ಹೋಗುತ್ತಿದ್ದಳು. ಮೂರನೇ ಸಲ ಹೋದಾಗ ಆ ಹೆಂಗಸು ಬಾಗಿಲಲ್ಲೇ ತಡೆದು ನಿಂತಳು. ಮೈಕಮ್ಮನ ಬಾಯಿಗೆ ಬೀಗ ಎಲ್ಲಿಯದು, ಅವಳಿಂದ ಎಲ್ಲ ತಿಳಿದಿತ್ತು.

"ನಿಮಗೆ ಸೋಮವಾರವೇ ಗೊತ್ತಿತ್ತಂತೆ, ನಿಜವಾ?"

ಅತ್ತಿಗೆ ಬೇರೆ ಏನಾದರೂ ಹೇಳಬಹುದಿತ್ತು. "ಗೊತ್ತಿತ್ತು" ಎಂದಳು.

"ಅವನಿಗೆ ಸಾಲು ಮುಖ್ಯ ಆಗಿತ್ತು, ನಿಮಗೆ ಅವನು ಮುಖ್ಯ ಆಗಿದ್ದ. ನನ್ನ ಕೈ ಯಾರಿಗೂ ಲೆಕ್ಕಕ್ಕಿರಲಿಲ್ಲ" ಎಂದು ಅವಳು ಬಾಗಿಲು ಹಾಕಿಕೊಂಡಳು.

ಆ ದಿನ ಅತ್ತಿಗೆ ಮನೆಗೆ ಬಂದು ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದಳು. ನಗುಮುಖ ನೆಲಕಚ್ಚಿದ ದಿನವೂ ಅಳದಿದ್ದವಳು ಅಂದು ಅತ್ತಳು. ಅಂದಿನಿಂದ ಎಂಥ ಚಿಕ್ಕ ದೋಷ ಕಂಡರೂ, ಯಾರು ಎಷ್ಟು ಕಾಡಿದರೂ, ಚೀಟಿ ಕಟ್ಟದೆ ಎದ್ದು ಬರುವುದಿಲ್ಲ.

ಪಾತ್ರೆ ತೊಳೆಯುತ್ತಿದ್ದ ಆ ಹೆಂಗಸು ಈಗ ಅದೇ ಕ್ಯಾಂಟೀನಿನ ಬಿಸಿ ಕೌಂಟರಿನ ಮುಖ್ಯಸ್ಥೆ. ಈಗ ವರ್ಷಕ್ಕೊಮ್ಮೆಯಲ್ಲ, ಮೂರು ತಿಂಗಳಿಗೊಮ್ಮೆ ಅತ್ತಿಗೆ ಅಲ್ಲಿಗೆ ತಪಾಸಣೆಗೆ ಹೋಗುತ್ತಾಳೆ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಆ ಹೆಂಗಸು ಕೈ ಕಟ್ಟಿಕೊಂಡು ಅತ್ತಿಗೆಯ ತಲೆಯ ಮೇಲೆಯೇ ನಿಂತಿದ್ದಳು. ಕೂರಿ ಎನ್ನಲಿಲ್ಲ, ಒಂದು ಲೋಟ ನೀರು ಕೊಡಲಿಲ್ಲ. ಪ್ರತಿ ಸ್ಕ್ರೂ ತೆಗೆದು ಹಾಕುವವರೆಗೂ ಕಣ್ಣು ಕದಲಿಸಲಿಲ್ಲ. ಮೀಟರಿನ ಮುಳ್ಳನ್ನು ತಾನೇ ಬಗ್ಗಿ ಓದಿದಳು, ನಾಲ್ಕೂ ಯಂತ್ರದ ಬಾಗಿಲನ್ನು ಹತ್ತತ್ತು ಸಲ ತೆರೆದು ಹಾಕಿಸಿದಳು, ಆಮೇಲೆ ಸಹಿ ಮಾಡಿದಳು.

ಹೊರಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. "ಎಂಥ ಹೆಂಗಸು ಅತ್ತಿಗೆ, ಇನ್ನೂ ಸಿಟ್ಟು ಇಳಿದಿಲ್ಲವಲ್ಲ" ಎಂದೆ.

"ಯಾಕೆ ಇಳೀಬೇಕು?" ಎಂದಳು ಅತ್ತಿಗೆ, ಮೀಟರನ್ನು ಚೀಲಕ್ಕೆ ಹಾಕಿಕೊಳ್ಳುತ್ತ. "ಇರಲಿ ಬಿಡು. ಅವಳ ಕೌಂಟರಲ್ಲಿ ಯಾರ ಕೈಯೂ ಸುಡಲ್ಲ."